ಲೈನ್ ಅಂದ್ರೆ ಕರೆಂಟ್ ಅಂತ ಬರೆದ ಹುಡುಗನಿಗೆ ಮಾರ್ಕ್ಸ್ ಕೊಡಲೋ ಬೇಡವೋ?

ನವನಗರದ ಅಕ್ಕೋರು (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಏಳನೇ ಕ್ಲಾಸಿನ ಒಂಬತ್ತು ಮಕ್ಕಳು. ಹೋದ ಶನಿವಾರ ಇಂಗ್ಲಿಷ್ ಪದಗಳದ್ದು ಸಣ್ಣ ಟೆಸ್ಟ್ ಇಟ್ಟಿದ್ದೆ. ಹತ್ತು ಪದ, ಒಂದಕ್ಕೆ ಒಂದು ಮಾರ್ಕ್ಸ್. ನಾಲ್ಕನೆಯದು ‘ಲೈನ್’. ನಾನು ಹೇಳಿಕೊಟ್ಟಿದ್ದು ಗೆರೆ, ಸಾಲು. ಎಂಟು ಮಕ್ಕಳು ಅದನ್ನೇ ಬರೆದರು. ಒಬ್ಬ ಮಾತ್ರ ‘ಕರೆಂಟ್’ ಅಂತ ಬರೆದಿದ್ದ. ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ.

ಹುಡುಗ ಪೇಪರ್ ಹಿಡಿದುಕೊಂಡು ಬಂದ. “ಅಕ್ಕೋರ, ಲೈನ್ ಬಂತೇನು ಅಂತ ನಮ್ಮಪ್ಪ ದಿನಾ ರಾತ್ರಿ ಎದ್ದು ನೋಡ್ತಾನ್ರಿ. ಬಂದ್ರ ಹೊಲಕ್ಕ ಹೋಗಿ ಮೋಟರ್ ಚಾಲೂ ಮಾಡ್ತಾನ. ಗೆರಿ ಬಂತೇನು ಅಂತ ಯಾರರ ರಾತ್ರಿ ಎದ್ದು ನೋಡ್ತಾರೇನ್ರಿ?” ಉಳಿದವರೆಲ್ಲ ನಕ್ಕುಬಿಟ್ಟರು. ನನಗೆ ನಗೂ ಬರಲಿಲ್ಲ, ಉತ್ತರವೂ ಬರಲಿಲ್ಲ. “ಸೋಮವಾರ ನೋಡೋಣ” ಅಂತ ಕಳಿಸಿದೆ.

ಅವತ್ತಿನಿಂದ ಅದೇ ಪದ ಕಿವಿಗೆ ಬೀಳುತ್ತಿದೆ. ಬೆಳಗ್ಗೆ ರೇಷನ್ ಅಂಗಡಿಯಲ್ಲಿ “ಲೈನ್ ಹಚ್ರಿ” ಅಂದರು. ಅತ್ತೆಯಾಗಿದ್ದರೆ ಪಾಳಿ ಅನ್ನುತ್ತಿದ್ದರು. ಬ್ಯಾಂಕಿಗೆ ಫೋನ್ ಮಾಡಿದರೆ “ಲೈನಿನಲ್ಲೇ ಇರಿ” ಅಂತ ಹದಿನೈದು ನಿಮಿಷ ಹಾಡು ಕೇಳಿಸಿದರು. ಪಕ್ಕದ ಮನೆಯವರು ಮಗಳಿಗೆ ಗಂಡು ಹುಡುಕುತ್ತಿದ್ದಾರೆ. “ಹುಡುಗ ಯಾವ ಲೈನಿನಾಗ ಅದಾನ?” ಅಂತ ಕೇಳಿದರು, ಅಂದ್ರೆ ಉದ್ಯೋಗ ಏನು ಅಂತ. ಅದೇ ಸಂಜೆ ನನ್ನ ತಮ್ಮ ತನ್ನ ಗೆಳೆಯನ ಬಗ್ಗೆ “ಅವ ಆಕಿಗೆ ಲೈನ್ ಹೊಡೀತಾನ” ಅಂದ. ಇದು ಯಾವ ಉದ್ಯೋಗ ಅಂತ ಬೇರೆ ಹೇಳಬೇಕಾ?

ಇಷ್ಟೂ ಒಂದೇ ಪದವಾ, ಅಥವಾ ಒಂದೇ ಥರ ಕೇಳಿಸುವ ಬೇರೆ ಬೇರೆ ಪದಗಳಾ? ಮೊದಲ ಅರ್ಥ ಯಾವುದು? ಮತ್ತೆ, ಮಾರ್ಕ್ಸ್ ಕೊಡಲಾ? ನಾಳೆ ಸೋಮವಾರ.

ಓದುಗ ೨೨ (ಬೆಳಗಾವಿ)

ಅಕ್ಕಾವ್ರೇ, ಲೈನ್ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ಪದ ಸಣ್ಣದಿದ್ದಷ್ಟೂ ಅರ್ಥ ಜಾಸ್ತಿ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಅನ್ನುವ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು. 2011ರ ಹೊತ್ತಿಗೆ ಅದರ ಕ್ರಿಯಾಪದಕ್ಕೇ 645 ಅರ್ಥ ಆಗಿದ್ದವು. ಅದೊಂದು ಪದಕ್ಕೆ ಸಂಪಾದಕರು ಒಂಬತ್ತು ತಿಂಗಳು ಕೂತಿದ್ದರಂತೆ. ನೀವು ಒಂದು ಶನಿವಾರದಲ್ಲಿ ಮುಗಿಸೋಕೆ ಹೊರಟಿದ್ದೀರಿ.

ಲೈನಿನ ಮೂಲ ಗೊತ್ತು, ಬಹಳ ಮಜಾ ಇದೆ. ಈಗ ಡ್ಯೂಟಿಯಲ್ಲಿದ್ದೇನೆ, ರಾತ್ರಿ ಬರೆಯುತ್ತೇನೆ.

ಸೂಜಿದಾರ (ಗುಳೇದಗುಡ್ಡ)

ನಾನು ಟೇಲರ್. ನಮ್ಮಲ್ಲಿ ಎರಡು ಲೈನ್ ಇದೆ, ಎರಡೂ ಗೆರೆ ಅಲ್ಲ.

ಒಂದು ಗುಂಡಿ. ಅಂಗಡಿಗೆ ಹೋಗಿ “ಅಂಗಿ ಗುಂಡಿ ಕೊಡ್ರಿ” ಅಂದರೆ “ಎಷ್ಟು ಲೈನಿಂದು?” ಅಂತ ಕೇಳುತ್ತಾರೆ. ಅದು ಗುಂಡಿಯ ಅಗಲದ ಅಳತೆ. 40 ಲೈನ್ ಅಂದ್ರೆ ಒಂದು ಇಂಚು. ಅಂಗಿಗೆ 18 ಲೈನ್, ಕೋಟಿನ ತೋಳಿಗೆ 24 ಲೈನ್. ಮೊದಲ ಸಲ ಕೇಳಿದಾಗ ಗುಂಡಿ ಮೇಲೆ ಗೆರೆ ಎಣಿಸಿದವಳು ನಾನು!

ಇನ್ನೊಂದು ಲೈನಿಂಗ್. ಖಣದ ಕುಪ್ಪಸ ಹೊಲಿಯಲು ಕೊಡುವವರು “ಲೈನಿಂಗ್ ಹಾಕ್ರಿ” ಅನ್ನುತ್ತಾರೆ, ಅಂದ್ರೆ ಒಳಗಿನ ಬಟ್ಟೆ. ಅದಕ್ಕೂ ಗೆರೆಗೂ ಏನು ಸಂಬಂಧ ಅಂತ ಇಪ್ಪತ್ತು ವರ್ಷದಿಂದ ನನಗೆ ತಿಳಿದಿಲ್ಲ. ಬೆಳಗಾವಿಯವರು ಅದನ್ನೂ ಹೇಳಲಿ.

ಕಂಬದ ಕಾಕಾ (ಬಸವನ ಬಾಗೇವಾಡಿ)

ಅಕ್ಕೋರೇ, ನಾನು ಮೂವತ್ತೊಂದು ವರ್ಷ ಕಂಬ ಹತ್ತಿದವನು. ಈಗ ರಿಟೈರ್ ಆಗಿದ್ದೇನೆ. ಕಾಗದದಲ್ಲಿ ಈಗಿನ ಹುಡುಗರು ಪವರ್‌ಮ್ಯಾನ್, ಊರ ಮಂದಿಯ ಬಾಯಲ್ಲಿ ಮಾತ್ರ ಇನ್ನೂ ಲೈನ್‌ಮನ್ನೇ.

ಹುಡುಗನಿಗೆ ಮಾರ್ಕ್ಸ್ ಕೊಡಿ. ಆದರೆ ನಮ್ಮ ಕೆಲಸದಲ್ಲಿ ಲೈನ್ ಅಂದ್ರೆ ಕರೆಂಟ್ ಅಲ್ಲ, ತಂತಿ. ಕರೆಂಟ್ ಹೋದರೂ ಲೈನ್ ಅಲ್ಲೇ ಇರುತ್ತದೆ. “ಲೈನ್ ಹೋಗೇತಿ” ಅಂತ ಯಾರಾದರೂ ಫೋನ್ ಮಾಡಿದರೆ ನಾವು ತಿರುಗಿ ಕೇಳಲೇಬೇಕು: “ಕರೆಂಟ್ ಹೋಗೇತೋ, ತಂತಿ ಹರದು ಬಿದ್ದೇತೋ?” ಮೊದಲನೆಯದಾದರೆ ಚಹಾ ಕುಡಿದು ಹೋಗಬಹುದು. ಎರಡನೆಯದಾದರೆ ಉಣ್ಣುವ ತಾಟು ಬಿಟ್ಟು ಏಳಬೇಕು. ದನ ಮುಟ್ಟಿದರೆ ಮುಗಿಯಿತು.

ನನಗೆ ಈ ಪದ ಕಲಿಸಿದ್ದು ಶಾಲೆ ಅಲ್ಲ. ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಂದ್ರೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವವನು. ಗದಗ–ಸೊಲ್ಲಾಪುರ ಹಳಿ ಮೀಟರ್‌ಗೇಜ್ ಇದ್ದ ಕಾಲ. ಆಲಮಟ್ಟಿ ಕಡೆ ಸ್ಟೇಷನ್ ಪಕ್ಕದ ಕ್ವಾರ್ಟರ್ಸ್‌ನಲ್ಲಿ ಬೆಳೆದೆ. ಇರುವುದು ಒಂದೇ ಹಳಿ, ಗಾಡಿ ಎರಡೂ ಕಡೆಯಿಂದ. ಹಾಗಾಗಿ ಗಾಡಿ ಬಿಡುವ ಮುಂಚೆ ಸ್ಟೇಷನ್ ಮಾಸ್ತರು ಮುಂದಿನ ಸ್ಟೇಷನ್ನನ್ನು ಕೇಳಬೇಕು. ಆ ಕಡೆಯವರು ಒಪ್ಪಿದರೆ ಮಷಿನ್ನಿನಿಂದ ಒಂದು ಗುಂಡು ಉರುಳಿ ಹೊರಗೆ ಬರುತ್ತಿತ್ತು. ಟೋಕನ್ ಅನ್ನುತ್ತಿದ್ದರು. ಆ ಒಂದು ಗುಂಡು ಹೊರಗಿರುವ ತನಕ ಎರಡೂ ಸ್ಟೇಷನ್ನಿನಲ್ಲಿ ಇನ್ನೊಂದು ಹೊರಗೆ ಬರುವುದೇ ಇಲ್ಲ, ಎಷ್ಟು ಜಗ್ಗಾಡಿದರೂ. ಗುಂಡು ಡ್ರೈವರನ ಕೈಯಲ್ಲಿದ್ದರೆ ಆ ಹಳಿ ಅವನದು. ಅದನ್ನು ಚೀಲಕ್ಕೆ ಹಾಕಿ, ಚೀಲಕ್ಕೆ ದೊಡ್ಡ ಬೆತ್ತದ ಬಳೆ ಕಟ್ಟಿ, ಅಪ್ಪ ಎತ್ತಿ ಹಿಡಿದು ನಿಲ್ಲುತ್ತಿದ್ದ. ಡ್ರೈವರ್ ಓಡುವ ಗಾಡಿಯಿಂದಲೇ ತೋಳು ತೂರಿಸಿ ಎಳೆದುಕೊಂಡು ಹೋಗುತ್ತಿದ್ದ. ಅಪ್ಪನ ಮುಂಗೈ ಮೇಲೆ ಆ ಬಳೆ ಬಡಿದ ಕಲೆ ಕೊನೆತನಕ ಇತ್ತು.

ಇದಕ್ಕೆಲ್ಲ ಅವರ ಮಾತು ‘ಲೈನ್ ಕ್ಲಿಯರ್’. ನಾವು ಹುಡುಗರು ಹಳಿ ಮೇಲೆ ಕಲ್ಲು ಜೋಡಿಸಿ ಆಡುತ್ತಿದ್ದರೆ ಅಪ್ಪ ಕೂಗುತ್ತಿದ್ದ, “ಲೈನ್ ಕ್ಲಿಯರ್ ಕೊಟ್ಟಾರ, ಏಳ್ರಿ ಅಲ್ಲಿಂದ!” ಅಂದ್ರೆ ನನ್ನ ಪಾಲಿಗೆ ಆ ಎರಡು ಪದದ ಅರ್ಥ ಇಷ್ಟೇ: ಏನೋ ಜೋರಾಗಿ ಬರುತ್ತಿದೆ, ಓಡು.

ಕೆಲಸಕ್ಕೆ ಸೇರಿದ ಮೊದಲ ವಾರ. ಬಿಳಿಜೋಳದ ಹೊಲದ ನಡುವೆ 11 ಕೆವಿ ಲೈನಿನ ಪಿಂಗಾಣಿ ಇನ್ಸುಲೇಟರ್ ಒಡೆದಿತ್ತು. ಆಗ ಮೊಬೈಲ್ ಎಲ್ಲಿ? ಒಬ್ಬನನ್ನು ಸೈಕಲ್ ಮೇಲೆ ಸಬ್‌ಸ್ಟೇಷನ್ನಿಗೆ ಕಳಿಸಿ ನಾವು ಬೇವಿನ ಗಿಡದ ಕೆಳಗೆ ಕೂತಿದ್ದೆವು. ಒಂದು ತಾಸಿನ ಮೇಲೆ ಅವನು ದೂರದ ಒಡ್ಡಿನ ಮೇಲಿಂದಲೇ ಕೂಗಿದ, “ಲೈನ್ ಕ್ಲಿಯರ್ ಸಿಕ್ತು!” ಎಲ್ಲರೂ ಎದ್ದು ಕಂಬದ ಕಡೆ ನಡೆದರು. ನಾನು ಕಂಬ ಬಿಟ್ಟು ಹಿಂದಕ್ಕೆ ಓಡಿದೆ. ಎಷ್ಟು ಓಡಿದೆ ಅಂದರೆ, ಎರೆಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕಿ ಬಿದ್ದೆ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿ ಒಬ್ಬರೇ ನಗಲಿಲ್ಲ. ಯಾಕೆ ಓಡಿದೆ ಅಂತ ಕೇಳಿದರು. ಅಪ್ಪನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಎಲೆ-ಅಡಿಕೆ ಅಗಿದು ಅಂದರು, “ನಿಮ್ಮಪ್ಪಂದು ಬರೂದಕ್ಕ ಲೈನ್ ಕ್ಲಿಯರ್. ನಮ್ಮದು ಬರಬಾರದು ಅನ್ನೂದಕ್ಕ. ಶಬ್ದ ಒಂದ. ಎರಡರಾಗ ಯಾವುದು ಅಂತ ಸಂಶಯ ಬಂದ್ರ ಹಿಂದಕ್ಕ ಓಡೂದ ಚಲೋ.”

ಆಮೇಲೆ ಕೈ ಹಿಡಿದು ತೋರಿಸಿದರು. ನಮ್ಮ ಲೈನ್ ಕ್ಲಿಯರ್ ಅಂದ್ರೆ ಸಬ್‌ಸ್ಟೇಷನ್ನಿನವರು ಆ ಫೀಡರ್, ಅಂದ್ರೆ ಅಲ್ಲಿಂದ ಹೊರಡುವ ಆ ಲೈನ್, ಬಂದ್ ಮಾಡಿ, ಬರೆದುಕೊಂಡು, ನಂಬರ್ ಕೊಡುವುದು. ಬರೀ ಆ ಮಾತು ನಂಬಿ ಹತ್ತುವಂತಿಲ್ಲ. ಉದ್ದನೆಯ ರಾಡಿನ ಒಂದು ತುದಿ ನೆಲದಲ್ಲಿ ಊರಿದ ಕಬ್ಬಿಣಕ್ಕೆ, ಇನ್ನೊಂದು ತುದಿ ತಂತಿಗೆ ಸಿಕ್ಕಿಸಬೇಕು. ಬಂದ್ ಆದ ತಂತಿಯಲ್ಲೂ ಪಕ್ಕದ ಲೈನಿನಿಂದ ಒಂದಿಷ್ಟು ಬಂದು ಕೂತಿರುತ್ತದೆ. ರಾಡ್ ತಾಗಿದಾಗ ಚಟ್ ಅಂತ ಸಣ್ಣ ಕಿಡಿ ಹಾರಿತು, ಒಲೆಯಲ್ಲಿ ಉಪ್ಪು ಸಿಡಿದ ಹಾಗೆ. ಅದಾದ ಮೇಲೆ ನನ್ನನ್ನು ಹತ್ತಿಸಿದರು.

ನವನಗರದ ಅಕ್ಕೋರು

ಕಾಕಾ, ಎರಡು ಸಲ ಓದಿದೆ. ಒಂದು ಕೇಳಲಾ? ಒಂದೇ ಲೈನಿನ ಮೇಲೆ ಎರಡು ಕಡೆ ಕೆಲಸ ನಡೀತಿದ್ದರೆ? ಒಬ್ಬರದು ಬೇಗ ಮುಗಿದರೆ ಅವರು “ಆಯ್ತು, ಬಿಡ್ರಿ” ಅಂದುಬಿಟ್ಟರೆ?

ಕಂಬದ ಕಾಕಾ

ಒಳ್ಳೆ ಪ್ರಶ್ನೆ ಕೇಳಿದಿರಿ. ಲೈನ್ ಕ್ಲಿಯರ್ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಇಬ್ಬರು ತೆಗೆದುಕೊಂಡಿದ್ದರೆ ಇಬ್ಬರದೂ ವಾಪಸ್ ಬರುವ ತನಕ ಚಾರ್ಜ್ ಮಾಡುವಂತಿಲ್ಲ, ಅಂದ್ರೆ ಕರೆಂಟ್ ಬಿಡುವಂತಿಲ್ಲ. ನಮ್ಮಪ್ಪನ ಗುಂಡಿನ ಹಾಗೇ. ಆ ಮಟ್ಟಿಗೆ ಎರಡೂ ಒಂದೇ ನೋಡಿ.

ಇನ್ನೊಂದು ನೆನಪಾಯಿತು. ನನ್ನ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. “ಅಪ್ಪಾ, ನಾಳೆ ಡೆಡ್‌ಲೈನ್ ಐತಿ, ನಿದ್ದಿ ಬರವಲ್ದು” ಅಂತಾನೆ. ನನಗೆ ನಗು. ಡೆಡ್ ಲೈನ್ ಅಂದ್ರೆ ನಮಗೆ ಕರೆಂಟ್ ಇಲ್ಲದ ತಂತಿ. ಅದು ಡೆಡ್ ಇದ್ದರೇನೇ ನಮಗೆ ಜೀವ.

ಓದುಗ ೨೨ (ಬೆಳಗಾವಿ)

ಡ್ಯೂಟಿ ಮುಗೀತು. ಮೊದಲು ಕಾಕಾ ಅವರಿಗೆ. ನಿಮ್ಮ ಮಗನ ಡೆಡ್‌ಲೈನ್ ಬಂದಿದ್ದು ಜೈಲಿನಿಂದ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಹೊತ್ತಿಗೆ, ಸೆರೆಸಿಕ್ಕ ಸೈನಿಕರ ಜೈಲುಗಳಲ್ಲಿ ಗೋಡೆಗಿಂತ ಒಳಗೆ ಒಂದು ಗೆರೆ ಇರುತ್ತಿತ್ತು. ದಾಟಿದವನಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಆ ಗೆರೆ ಡೆಡ್‌ಲೈನ್. ನಿದ್ದೆ ಬರದಿದ್ದರೆ ತಪ್ಪೇನಿಲ್ಲ ಬಿಡಿ.

ಈಗ ಮೂಲಕ್ಕೆ ಬರೋಣ. ಲ್ಯಾಟಿನ್ ಭಾಷೆಯಲ್ಲಿ ‘ಲೀನುಮ್’ ಅಂತ ಒಂದು ಪದ. ಅರ್ಥ ಏನು ಗೊತ್ತಾ? ಅಗಸಿ! ನಾವು ಹಿಂಡಿ ಕುಟ್ಟಿ ರೊಟ್ಟಿ ಜೊತೆ ತಿನ್ನುವ ಅದೇ ಅಗಸಿ. ಹಿಂಗಾರಿನಲ್ಲಿ ಎರೆಹೊಲದಲ್ಲಿ ನೀಲಿ ಹೂ ಬಿಡುತ್ತದಲ್ಲ, ಅದು. (ಊರ ಬಾಗಿಲಿಗೂ ನಾವು ಅಗಸಿ ಅಂತೀವಿ. ಇಂಗ್ಲಿಷಿನವರಿಗೆ ನಗುವ ಮುಂಚೆ ಇದೊಂದು ನೆನಪಿರಲಿ.) ನಾವು ಬೆಳೆಯುವುದು ಬೀಜಕ್ಕೆ, ಗಿಡ ಗಿಡ್ಡ. ಯುರೋಪಿನಲ್ಲಿ ನಾರಿಗೆ ಬೆಳೆಯುವ ತಳಿ ಎತ್ತರ. ಆ ಕಾಂಡವನ್ನು ಕೊಳೆಹಾಕಿ, ಬಡಿದು, ನಾರು ತೆಗೆದು ನೂಲುತ್ತಾರೆ. ಆ ನೂಲಿನ ದಾರಕ್ಕೆ ಲ್ಯಾಟಿನ್‌ನವರು ‘ಲೀನೆಯಾ’ ಅಂದರು. ದಾರ ಎಳೆದು ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ. ಹಾಗಾಗಿ ನೆಟ್ಟಗಿನ ಗೆರೆಗೂ ಅದೇ ಹೆಸರು ಬಂತು. ಗೌಂಡಿಯವರು ಗೋಡೆ ಕಟ್ಟುವಾಗ ಹಿಡಿಯುವ ಲೈನ್‌ದೋರಿ ನೋಡಿದ್ದೀರಲ್ಲ, ಪದ ಹುಟ್ಟಿದ್ದು ಅಲ್ಲಿಯೇ ಅನ್ನಿಸುವ ಹಾಗಿದೆ.

ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಎಲ್ಲ ಅದೇ ಗಿಡದ ಮಕ್ಕಳು. ಸೂಜಿದಾರ ಅಕ್ಕ, ನಿಮ್ಮ ಲೈನಿಂಗೂ ಅಷ್ಟೇ. ಉಡುಪಿನ ಒಳಗೆ ಲಿನನ್ ಕೊಟ್ಟು ಹೊಲಿಯುತ್ತಿದ್ದರು. ಅದಕ್ಕೇ ಒಳಬಟ್ಟೆ ಕೊಡುವ ಕೆಲಸ ಲೈನಿಂಗ್ ಆಯಿತು. ಗೆರೆಯಿಂದ ಬಂದಿದ್ದಲ್ಲ, ನೇರ ಅಗಸಿಯಿಂದ. ಗೆರೆಯೂ ಅಗಸಿಯಿಂದ. ಅಣ್ಣ-ತಮ್ಮ ಬೇರೆ ಮನೆ ಮಾಡಿದ್ದಾರೆ ಅಷ್ಟೇ.

ಆ ಮೇಲೆ ದಾರದ ಜಾಗಕ್ಕೆ ತಂತಿ ಬಂತು, ಹಳಿ ಬಂತು. ಹೆಸರು ಮಾತ್ರ ದಾರದ್ದೇ ಉಳಿಯಿತು.

ಸೂಜಿದಾರ (ಗುಳೇದಗುಡ್ಡ)

ಅಯ್ಯೋ, ಇಪ್ಪತ್ತು ವರ್ಷ ಅಗಸಿ ಹೊಲಿದೆನಾ! ನಮ್ಮ ಓಣಿಯ ನೇಕಾರರು ಹಾಸಿನಲ್ಲಿ (ಮಗ್ಗದ ಉದ್ದದ ನೂಲಿನಲ್ಲಿ) ಒಂದು ದಾರ ಹರಿದರೆ “ಎಳಿ ಹೋತು” ಅಂತಾರೆ. ಅದನ್ನೂ ಲೈನ್ ಹೋತು ಅಂತ ಅನ್ನಬಹುದು ಹಾಗಾದ್ರೆ.

ನವನಗರದ ಅಕ್ಕೋರು

ಸೋಮವಾರದ ವರದಿ. ಹುಡುಗನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ. ‘ಕರೆಂಟ್’ ಪಕ್ಕದಲ್ಲಿ ‘ತಂತಿ’ ಅಂತ ಸೇರಿಸಿ ಬರೆದೆ, ಕಾಕಾ ಮಾತು ನೆನೆದು. ಅಡುಗೆ ಮನೆಯಿಂದ ಒಂದು ಹಿಡಿ ಅಗಸಿ ತಂದು ಎಲ್ಲರ ಅಂಗೈಗೂ ಹಾಕಿ ಕಥೆ ಹೇಳಿದೆ. ಕಥೆ ಮುಗಿಯುವಷ್ಟರಲ್ಲಿ ಅರ್ಧ ಮಕ್ಕಳು ತಿಂದು ಮುಗಿಸಿದ್ದರು. ಈಗ ಉಳಿದ ಎಂಟು ಜನರ ತಕರಾರು ಶುರುವಾಗಿದೆ. “ಗೆರೆ, ಸಾಲು ಎರಡೂ ಬರದೀವ್ರಿ, ನಮಗ ಎರಡು ಮಾರ್ಕ್ಸ್ ಬರಬೇಕಲ್ರಿ?” ಮುಂದಿನ ವಾರದ ಪಟ್ಟಿಯಲ್ಲಿ ‘ಪಾಯಿಂಟ್’ ಇತ್ತು. ತೆಗೆದು ‘ಬಟರ್‌ಫ್ಲೈ’ ಹಾಕಿದ್ದೇನೆ.

ಕಂಬದ ಕಾಕಾ

ಚಲೋ ಆಯಿತು. ಆ ಹುಡುಗನ ಅಪ್ಪನಿಗೆ ಒಂದು ಮಾತು ಮುಟ್ಟಿಸಿ ಅಕ್ಕೋರೇ. ರಾತ್ರಿ ಮೋಟರ್ ಚಾಲೂ ಮಾಡುವಾಗ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬಾರದು. ಸ್ವಿಚ್ಚಿನ ಡಬ್ಬಿ ಮುಂದೆ ಒಂದು ಒಣ ಹಲಗೆ ಹಾಕಿಕೊಳ್ಳಲಿ. ಕೈ ಒದ್ದೆ ಇದ್ದರೆ ಒರೆಸಿಕೊಂಡೇ ಮುಟ್ಟಲಿ.

ನವನಗರದ ಅಕ್ಕೋರು

ಹೇಳಿದೆ ಕಾಕಾ. ಹಲಗೆ ಇಲ್ಲವಂತೆ. ಹುಡುಗ ತನ್ನ ಹಳೆ ಪರೀಕ್ಷೆ ಪ್ಯಾಡ್ ಒಯ್ದು ಅಲ್ಲಿಟ್ಟು ಬಂದಿದ್ದಾನೆ. ಅದು ಸಾಲದು, ಒಳ್ಳೆ ದಪ್ಪ ಹಲಗೆ ಬೇಕು ಅಂತ ನಾನೇ ಅವರಪ್ಪನಿಗೆ ಫೋನ್ ಮಾಡಿದೆ. “ಲೈನ್ ಕಟ್ ಆಗಾಕತ್ತೇತಿ ಅಕ್ಕೋರ, ಆಮ್ಯಾಲೆ ಮಾಡ್ತೇನಿ” ಅಂದರು.