ಸಹಾಯ ಬೇಕು: ಹಿಮದ ಮೇಲೆ ನಡೆಯುವಾಗ ಮಗಳ ಕಣ್ಣುಗಳಿಗೆ ಯಾವ ಕನ್ನಡಕ ಸೂಕ್ತ?

ಎಲ್ಲರಿಗೂ ನಮಸ್ಕಾರ.

ಕಳೆದ ವರ್ಷ ಹಿಮ ತುಂಬಿದ ಇಳಿಜಾರಿನಲ್ಲಿ ಇಡೀ ದಿನ ನಡೆದಿದ್ದ ನಾನು, ಮೋಡ ಮುಸುಕಿದೆಯೆಂದು ತಂಪು ಕನ್ನಡಕವನ್ನು ಚೀಲದಲ್ಲಿಯೇ ಇಟ್ಟಿದ್ದೆ. ಹಗಲಿನಲ್ಲಿ ಏನೂ ಅನ್ನಿಸಲಿಲ್ಲ. ರಾತ್ರಿ ಮಾತ್ರ ರೆಪ್ಪೆಯೊಳಗೆ ಮರಳು ಸುರಿದಂತಾಗಿ, ಕಣ್ಣಿನಿಂದ ಒಂದೇ ಸಮನೆ ನೀರು ಹರಿದು, ಡೇರೆಯೊಳಗಿನ ಸಣ್ಣ ದೀಪವನ್ನೂ ನೋಡಲಾಗಲಿಲ್ಲ. ಎರಡು ದಿನಗಳಲ್ಲಿ ವಾಸಿಯಾಯಿತು, ಆದರೆ ಆ ರಾತ್ರಿಯ ಭಯ ಇನ್ನೂ ಹೋಗಿಲ್ಲ.

ಹೊಸದಾಗಿ ಬಿದ್ದ ಹಿಮವು ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಪ್ರತಿಫಲಿಸಬಲ್ಲದು, 1000 ಮೀಟರ್ ಎತ್ತರ ಏರಿದಂತೆಲ್ಲ ಅವುಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ತೆಳುವಾದ ಮೋಡ ಅವನ್ನು ಹೆಚ್ಚೇನೂ ತಡೆಯುವುದಿಲ್ಲ ಎಂಬುದನ್ನು ಆಮೇಲೆ ತಿಳಿದೆ. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ಮೇಲ್ಪದರ ಈ ಕಿರಣಗಳಿಂದ ಸುಟ್ಟರೂ ನೋವು ಹಲವು ಗಂಟೆ ತಡವಾಗಿ ಬರುವುದರಿಂದ ಎಚ್ಚರಿಕೆಯೇ ಸಿಗುವುದಿಲ್ಲ.

ಈ ಬಾರಿ ಸಮೀಪದೃಷ್ಟಿಯಿರುವ ನನ್ನ ಹತ್ತು ವರ್ಷದ ಮಗಳೂ ಜೊತೆಗಿರುತ್ತಾಳೆ. 400 ನ್ಯಾನೋಮೀಟರ್‌ವರೆಗಿನ ತರಂಗಾಂತರದ, ಅಂದರೆ ಎಲ್ಲ ನೇರಳಾತೀತ ಕಿರಣಗಳನ್ನೂ ತಡೆಯುವ, ಪಕ್ಕದಿಂದಲೂ ಕೆಳಗಿನಿಂದಲೂ ಬೆಳಕು ನುಸುಳದ ಕನ್ನಡಕವೇ ಬೇಕೆಂದು ಗೊತ್ತು. ಆದರೆ ನಂಬರಿನ ಕನ್ನಡಕದ ಮೇಲೆ ಗಾಗಲ್ಸ್ ಹಾಕಿಸುವುದು ಒಳ್ಳೆಯದೋ, ಗಾಜಿನಲ್ಲಿಯೇ ನಂಬರು ಸೇರಿಸಿ ಮಾಡಿಸುವುದೋ? ಮಂಜು ಕಟ್ಟಿದಾಗ ಮಕ್ಕಳು ಅದನ್ನು ತೆಗೆದುಬಿಡದಂತೆ ನೀವು ಏನು ಮಾಡಿದಿರಿ? ಗಾಜು ಬರೀ ಕಪ್ಪಗಿದ್ದು ಕಿರಣಗಳನ್ನು ತಡೆಯದಿದ್ದರೆ ಪಾಪೆ ಹಿಗ್ಗಿ ಹಾನಿ ಇನ್ನೂ ಹೆಚ್ಚುವುದರಿಂದ, ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸಿಕೊಳ್ಳುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.