‘ಕ್ವಾರ್ಟರ್ ಪ್ಯಾನೆಲ್’, ‘ಡೋನರ್ ಕಾರ್’: ಕನ್ನಡದಲ್ಲಿ ಏನೆನ್ನೋಣ?

ಬಳಗದ ಮಾನ್ಯ ಸದಸ್ಯರಿಗೆ ನಮಸ್ಕಾರ.

ಅಮೆರಿಕದ ಮಿಷಿಗನ್‌ನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ 1967ರ ಮಾಡೆಲ್‌ನ ಶೆವರ್ಲೆ ಕಮಾರೊ ಕಾರೊಂದನ್ನು ಕೊಂಡು, ಅದರ ತುಕ್ಕು ಹಿಡಿದ ತಗಡುಗಳಿಗೆ ಬದಲಿ ಭಾಗಗಳನ್ನು ಹುಡುಕಿ ಕೂಡಿಸುತ್ತಿರುವ ಬಗೆಯನ್ನು ಕನ್ನಡದಲ್ಲಿ ಬರೆದು, ತಿದ್ದಿಕೊಡಬೇಕೆಂದು ನನಗೆ ಕಳುಹಿಸಿದ್ದಾನೆ. ಅಲ್ಲಿಯ ರೂಢಿಯಂತೆ ಅವನು ಬರೆದ ‘ಹುಡ್’, ‘ಟ್ರಂಕ್’ಗಳನ್ನು ‘ಬಾನೆಟ್’, ‘ಡಿಕ್ಕಿ’ ಎಂದು ಬದಲಿಸುವುದು ಸುಲಭವಾಯಿತು. (‘ಒಳ್ಳೆಯ ಡಿಕ್ಕಿಗಾಗಿ ಆರು ತಿಂಗಳು ಕಾದೆ’ ಎಂಬ ವಾಕ್ಯವನ್ನು ನಮ್ಮ ಪತ್ರಿಕೆಗಳ ಅಪಘಾತದ ಸುದ್ದಿ ಓದಿದವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ ತಿಳಿಯದು.) ಭಾರೀ ಶಕ್ತಿಯ ಎಂಜಿನ್ ಇರುವ ಇಂಥ ಕಾರುಗಳಿಗೆ ಅಲ್ಲಿ ಹೇಳುವ ‘ಮಸಲ್ ಕಾರ್’ ಎಂಬುದನ್ನು ಹಾಗೆಯೇ ಉಳಿಸಿದ್ದೇನೆ, ‘ಸ್ನಾಯು ಕಾರು’ ಎಂದರೆ ನಗೆಪಾಟಲಾಗುತ್ತದೆ.

ನಿಜವಾದ ತೊಡಕು ಇರುವುದು ‘ಫೆಂಡರ್’ ಮತ್ತು ‘ಕ್ವಾರ್ಟರ್ ಪ್ಯಾನೆಲ್’ಗಳಲ್ಲಿ. ಮೊದಲನೆಯದು ಮುಂದಿನ ಚಕ್ರದ ಮೇಲಿನ ತಗಡು, ಎರಡನೆಯದು ಬಾಗಿಲಿನ ಹಿಂದಿನಿಂದ ಡಿಕ್ಕಿಯವರೆಗೆ ಹಬ್ಬಿರುವ ತಗಡು. ನಮ್ಮ ಗ್ಯಾರೇಜುಗಳಲ್ಲಿ ಎರಡನ್ನೂ ‘ಮಡ್‌ಗಾರ್ಡ್’ ಎಂದು ಕರೆಯುವುದನ್ನು ಕೇಳಿದ್ದೇನೆ. ಆದರೆ ಕಮಾರೊದಲ್ಲಿ ಮುಂದಿನದನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು. ಹಿಂದಿನದು ಕಾರಿನ ಮೈಗೇ ಬೆಸುಗೆಯಾಗಿರುವುದರಿಂದ, ಬೆಸುಗೆಯ ಚುಕ್ಕೆಗಳನ್ನು ಕೊರೆದು, ಕತ್ತರಿಸಿ, ಹೊಸದನ್ನು ಬಾಗಿಲಿನ ಸಂದಿಗೆ ಸರಿಹೊಂದಿಸಿ ಮತ್ತೆ ಬೆಸೆಯಬೇಕಾಗುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸಕ್ಕೂ ವಾರಗಟ್ಟಲೆ ಹಿಡಿಯುವ ಕೆಲಸಕ್ಕೂ ಓದುಗನಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅಕ್ಕನ ಮಗ ‘ಕಾಲುಫಲಕ’ ಎಂದು ಬರೆದಿದ್ದ. ಅದನ್ನು ಓದಿದವರು ಕಾಲಿಡುವ ಹಲಗೆ ಎಂದುಕೊಳ್ಳುವುದೇ ಹೆಚ್ಚು. ನಾನು ‘ಹಿಂಪಕ್ಕೆ’ ಎಂಬ ಪದವನ್ನು ಯೋಚಿಸಿದ್ದೇನೆ. ಪಕ್ಕೆ ಎಂಬುದು ಮೈಯಿಂದ ಬಿಚ್ಚಿ ತೆಗೆಯಲಾಗದ ಭಾಗವೆಂಬ ಸೂಚನೆ ಅದರಲ್ಲೇ ಇದೆ. ಫೆಂಡರಿಗೆ ‘ಮುಂಭಾಗದ ಮಡ್‌ಗಾರ್ಡ್’ ಸಾಕೆನಿಸುತ್ತದೆ.

ಎರಡನೆಯ ಪ್ರಶ್ನೆ ಭಾಗಗಳ ಮೂಲವನ್ನು ಕುರಿತದ್ದು. ಅಂದು ಕಂಪನಿಯೇ ತಯಾರಿಸಿ, ಮಾರಾಟವಾಗದೆ ದಾಸ್ತಾನಿನಲ್ಲಿ ಉಳಿದ ಭಾಗ ಒಂದು ಬಗೆ. ಹಳೆಯ ಕಾರಿನಿಂದ ಕಳಚಿದ ಭಾಗ ಇನ್ನೊಂದು. ಇಂದು ಹೊಸದಾಗಿ ಅಚ್ಚೊತ್ತಿದ ಭಾಗ ಮತ್ತೊಂದು. ಮೊದಲಿನ ಎರಡನ್ನೂ ನಾವು ‘ಒರಿಜಿನಲ್’ ಎಂದುಬಿಡುತ್ತೇವೆ, ಬೆಲೆಯಲ್ಲಿ ಅವುಗಳ ನಡುವೆ ಬಹಳ ಅಂತರವಿದ್ದರೂ. ಮೂರನೆಯದನ್ನು ‘ನಕಲಿ’ ಎನ್ನುವುದು ಅನ್ಯಾಯ, ಏಕೆಂದರೆ ಅವುಗಳಲ್ಲಿ ಕೆಲವನ್ನು ಶೆವರ್ಲೆಯ ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್‌ನಿಂದ ಪರವಾನಗಿ ಪಡೆದೇ ತಯಾರಿಸುತ್ತಾರೆ. ಇದಕ್ಕೆ ನಮ್ಮ ಹಳೆಯ ‘ಪಡಿಯಚ್ಚು’ ಸೊಗಸಾಗಿ ಒಪ್ಪುತ್ತದೆ. ತಗಡನ್ನು ಅಚ್ಚಿನಲ್ಲೊತ್ತಿಯೇ ಮಾಡುವುದರಿಂದ ಪದದ ಒಳಗಿನ ‘ಅಚ್ಚು’ ಇಲ್ಲಿ ಅಕ್ಷರಶಃ ನಿಜ.

ಭಾಗಗಳಿಗಾಗಿ ಕಳಚುವ ಕಾರನ್ನು ಅಲ್ಲಿ ‘ಡೋನರ್’ ಎನ್ನುತ್ತಾರೆ. ‘ದಾನಿ ಕಾರು’ ಎಂದರೆ ಅಂಗಾಂಗ ದಾನದ ನೆನಪು ಚೆನ್ನಾಗಿಯೇ ಬರುತ್ತದೆ, ಆದರೆ ಇಲ್ಲಿ ಪುಕ್ಕಟೆ ಕೊಟ್ಟವರು ಯಾರೂ ಇಲ್ಲ. ‘ಗುಜರಿ ಗಾಡಿ’ ಎಂದರೆ ಬೆಲೆಯಿಲ್ಲದ್ದೆಂಬ ಧ್ವನಿ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿದು, ಅದರಿಂದ ಕಾರುಗಳಿಗೆ ತುಕ್ಕು ಹಿಡಿಯುವ ಮಿಷಿಗನ್‌ನವರು ಅರಿಜೋನದ ಒಣಹವೆಯಲ್ಲಿ ತುಕ್ಕಿಲ್ಲದೆ ಉಳಿದ ಇಂಥ ಗಾಡಿಗಾಗಿ ಹಂಬಲಿಸುತ್ತಾರೆ. ಅದನ್ನು ಗುಜರಿ ಎನ್ನಲು ಮನಸ್ಸು ಬರುವುದಿಲ್ಲ.

ಕೊನೆಯದಾಗಿ, ಇಡೀ ಕೆಲಸದ ಹೆಸರು. ಅವನು ‘ಜೀರ್ಣೋದ್ಧಾರ’ ಎಂದಿದ್ದಾನೆ. ಆದರೆ ಅವನು ಕೂರಿಸುತ್ತಿರುವುದು 1969ರ ಮಾಡೆಲ್‌ನ ಉಬ್ಬು ಬಾನೆಟ್, ಮುಂದಿನ ಗಾಜಿನ ಬುಡದಿಂದ ಎಂಜಿನ್‌ಗೆ ಗಾಳಿ ಎಳೆಯುವಂಥದ್ದು. 1969ರಲ್ಲಿ ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳಗಳ ಹೊರತು ಹೊರತಗಡು ಬಹುಪಾಲು ಬದಲಾದದ್ದರಿಂದ ಬಾನೆಟ್ ಹೊಂದುತ್ತದೆ, ಹಿಂಪಕ್ಕೆ ಹೊಂದುವುದಿಲ್ಲ. 1968ರ ಮಡ್‌ಗಾರ್ಡ್ ತಂದರೂ, ಆ ಮಾಡೆಲ್‌ಗೆ ಹೊಸದಾಗಿ ಬಂದ ಪಕ್ಕದ ದೀಪದ ತೂತು ಗುಟ್ಟು ಬಿಟ್ಟುಕೊಡುತ್ತದೆ. ಇದ್ದುದನ್ನು ಇದ್ದಂತೆ ನಿಲ್ಲಿಸುವುದು ಜೀರ್ಣೋದ್ಧಾರ. ಇವನು ಮಾಡುತ್ತಿರುವುದು ‘ಮೈಮಾಟ ತಿದ್ದುವ’ ಕೆಲಸವೆಂದು ನನಗನ್ನಿಸುತ್ತದೆ.

‘ಹಿಂಪಕ್ಕೆ’ಗೆ ಬದಲಾಗಿ ನಿಮ್ಮೂರಿನ ಟಿಂಕರಿಂಗ್ ಕೆಲಸಗಾರರ ಬಾಯಲ್ಲಿ ಬೇರೆ ಪದವಿದ್ದರೆ, ‘ಡೋನರ್’ಗೆ ದಾನವೂ ಗುಜರಿಯೂ ಅಲ್ಲದ ಪದವೊಂದು ಹೊಳೆದರೆ, ದಯವಿಟ್ಟು ತಿಳಿಸಿ.