ಬೀವರ್ ಸರೋವರದಲ್ಲಿ ವಸಂತದ ನೆರೆ: ಬಾಸ್ ಮೀನುಗಳು ಎಲ್ಲಿಗೆ ಹೋದವು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ಗೆ ಬಂದು ಮೂರು ವರ್ಷವಾಯಿತು. ಊರು ತೀರ್ಥಹಳ್ಳಿಯ ಹತ್ತಿರ. ಆದ್ದರಿಂದ ಗಾಳ, ಎರೆ, ಮಡು ಇವೆಲ್ಲ ಚಿಕ್ಕಂದಿನಿಂದ ಪರಿಚಿತ. ಆದರೆ ಬಾಸ್ ಮೀನಿನ ವಿಷಯದಲ್ಲಿ ಇನ್ನೂ ವಿದ್ಯಾರ್ಥಿ. ನನ್ನ ಬಳಿ ಒಂದು ಸಣ್ಣ ಕಯಾಕ್ (ಒಬ್ಬರೇ ಹುಟ್ಟುಹಾಕುವ ಕಿರಿದೋಣಿ) ಇದೆ, ವಾರಾಂತ್ಯದಲ್ಲಿ ಬೀವರ್ ಸರೋವರಕ್ಕೆ ಹೋಗುತ್ತೇನೆ.

ಮಾರ್ಚ್ ಕೊನೆಯಲ್ಲಿ, ರೆಡ್‌ಬಡ್ ಮರಗಳು ಹೂ ಬಿಟ್ಟಿದ್ದ ಹೊತ್ತಿಗೆ, ಪ್ರೇರೀ ಕ್ರೀಕ್ ಬಳಿಯ ಜಲ್ಲಿಕಲ್ಲಿನ ದಡಗಳಲ್ಲಿ ನನಗೆ ಒಳ್ಳೆಯ ಮೀನುಗಳು ಸಿಕ್ಕಿದ್ದವು. ಆಮೇಲೆ ನಾಲ್ಕು ದಿನ ಬಿಡದೆ ಮಳೆ ಸುರಿದು, ಸಮುದ್ರಮಟ್ಟದಿಂದ 1,121 ಅಡಿಯಲ್ಲಿದ್ದ ನೀರಿನ ಮಟ್ಟ 1,127 ಅಡಿಗೆ ಏರಿತು. ನಾನು ಗಾಳ ಹಾಕುತ್ತಿದ್ದ ದಡಗಳೆಲ್ಲ ಈಗ ಆರು ಅಡಿ ನೀರಿನ ಕೆಳಗಿವೆ, ಡಾಗ್‌ವುಡ್ ಮರಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಹೂ ಬಿಟ್ಟಿವೆ, ನೀರಿನ ಬಣ್ಣ ನಮ್ಮ ಆಷಾಢದ ಕೆನ್ನೀರಿನಂತಾಗಿದೆ. ಎರಡು ಬಾರಿ ಹೋಗಿ ಬರಿಗೈಯಲ್ಲಿ ಮರಳಿದೆ.

ನಮ್ಮ ಕಡೆ ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಗದ್ದೆಗೆ ಏರುವಂತೆ ಬಾಸ್ ಕೂಡ ಈ ಮುಳುಗಿದ ಪೊದೆಗಳೊಳಗೆ ಏರಿ ಬಂದಿದೆಯೇ, ಅಥವಾ ನೆರೆಗೆ ಹೆದರಿ ಆಳಕ್ಕೆ ಇಳಿದಿದೆಯೇ? ನೀರು ಇಳಿಯತೊಡಗಿದಾಗ ಏನು ಮಾಡಬೇಕು? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಗಾಳ, ರಾಜರ್ಸ್

ತುಂಗಾತೀರ ಅವರೇ, ನಿಮ್ಮ ಹೋಲಿಕೆ ಅರ್ಧ ಮಾತ್ರ ಸರಿ. ಹತ್ತುಮೀನು ಹರಿವಿಗೆ ಎದುರಾಗಿ ಏರುತ್ತದೆ. ಹರಿಯುವ ಹೊಸನೀರೇ ಅದಕ್ಕೆ ಕರೆ. ಈ ಸರೋವರದಲ್ಲಿ ಅದಕ್ಕೆ ನಿಜವಾಗಿ ಹೋಲುವುದು ವೈಟ್ ಬಾಸ್ ಎಂಬ ಬೇರೆಯೇ ಮೀನು. ರೆಡ್‌ಬಡ್ ಹೂ ಬಿಡುವ ಕಾಲಕ್ಕೆ ಅದು ಹಿಂಡುಹಿಂಡಾಗಿ ವೈಟ್ ನದಿಗೂ ವಾರ್ ಈಗಲ್ ಹೊಳೆಗೂ ಏರಿ ಹೋಗುತ್ತದೆ. ನೀವು ಕೇಳುತ್ತಿರುವ ಲಾರ್ಜ್‌ಮೌತ್ ಬಾಸ್ ಹರಿವನ್ನು ಹುಡುಕುವ ಮೀನಲ್ಲ, ದಡವನ್ನು ಹಿಂಬಾಲಿಸುವ ಮೀನು. ನೀರು ಹರಡಿದಂತೆ ದಡ ಹಿಂದೆ ಸರಿಯುತ್ತದೆ, ದಡದ ಜೊತೆ ಇದೂ ಸರಿಯುತ್ತದೆ. ಮುಳುಗಿದ ಹುಲ್ಲಿನಿಂದ ಹೊರಬೀಳುವ ಹುಳು, ಎರೆಹುಳು, ಸಿಗಡಿಯಂಥ ಕ್ರಾಫಿಶ್‌ಗಳನ್ನು ಅರಸಿ ಸಣ್ಣ ಮೀನುಗಳು ಬರುತ್ತವೆ, ಅವುಗಳ ಬೆನ್ನಿಗೆ ಬಾಸ್ ಬರುತ್ತದೆ. ಆದ್ದರಿಂದ ಮೀನು ಆಳಕ್ಕೆ ಇಳಿದಿಲ್ಲ, ನಿಮ್ಮನ್ನು ದಾಟಿ ಒಳಗೆ ಹೋಗಿದೆ. ನೀವು ಹಳೆಯ ದಡದ ಮೇಲೆಯೇ ಗಾಳ ಎಸೆಯುತ್ತಿದ್ದಿರಿ ಎಂದು ನನ್ನ ಊಹೆ.

ಎರಡನೆಯದಾಗಿ, 1,127 ಎಂಬ ಸಂಖ್ಯೆಯೊಂದನ್ನೇ ನೋಡಿ ಹೊರಡಬೇಡಿ. ಕೆಆರ್‌ಎಸ್ ಮಟ್ಟವನ್ನು ಪತ್ರಿಕೆಯಲ್ಲಿ ನೋಡುವಾಗ ಒಳಹರಿವು ಮತ್ತು ಹೊರಹರಿವಿನ ಸಾಲುಗಳನ್ನೂ ಓದುತ್ತೇವಲ್ಲವೇ, ಇಲ್ಲಿಯೂ ಹಾಗೆಯೇ ಓದಬೇಕು. ಅದೇ 1,127 ಅಡಿ ಏರುತ್ತಿರುವ ದಿನ ಒಂದು ಸರೋವರ, ನಿಂತಿರುವ ದಿನ ಇನ್ನೊಂದು, ಇಳಿಯುತ್ತಿರುವ ದಿನ ಮೂರನೆಯದು. ನೀರು ವೇಗವಾಗಿ ಏರುವಾಗ ನಿನ್ನೆಯವರೆಗೆ ಹತ್ತು ಪೊದೆಗಳಿದ್ದಲ್ಲಿ ಇಂದು ಸಾವಿರ ಪೊದೆಗಳು ನೀರಿಗೆ ಸಿಕ್ಕಿರುತ್ತವೆ, ಮೀನುಗಳು ಚದುರಿರುತ್ತವೆ, ಒಂದೂ ಒಂದು ಕಡೆ ನೆಲೆ ನಿಂತಿರುವುದಿಲ್ಲ. ಅಂಥ ದಿನ ಬರಿಗೈಯಲ್ಲಿ ಮರಳುವುದರಲ್ಲಿ ನಾಚಿಕೆಯೇನಿಲ್ಲ. ಏರಿದ ನೀರು ಮೂರು ನಾಲ್ಕು ದಿನ ಒಂದೇ ಮಟ್ಟದಲ್ಲಿ ನಿಂತು, ಬಗ್ಗಡ ಸ್ವಲ್ಪ ಕುಳಿತು, ಬಿಸಿಲು ಬಿದ್ದು ಪೊದೆಗಳ ನಡುವಿನ ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ, ಆಗ ವರ್ಷದ ಅತ್ಯುತ್ತಮ ದಿನಗಳು. ನಾನು ಹಿಂದಿನ ಬೇಸಿಗೆಯಲ್ಲಿ ಕುಳಿತು ಚಿತ್ರಾನ್ನ ತಿಂದಿದ್ದ ಪಿಕ್‌ನಿಕ್ ಮೇಜಿನ ಅಡಿಯಿಂದಲೇ ಒಂದು ವಸಂತದಲ್ಲಿ ನಾಲ್ಕು ಪೌಂಡಿನ ಲಾರ್ಜ್‌ಮೌತ್ ಎಳೆದಿದ್ದೇನೆ. ಮೇಜಿನ ಮೇಲೆ ಮೂರಡಿ ನೀರಿತ್ತು.

ಎಲ್ಲ ಪೊದೆಗಳೂ ಸಮಾನವಲ್ಲ. ಬಯಲಿನ ನಡುವೆ ಸುಮ್ಮನೆ ಮುಳುಗಿರುವ ಗಿಡಕ್ಕಿಂತ, ಹಳೆಯ ಹಳ್ಳದ ಪಾತ್ರ, ಮುಳುಗಿದ ರಸ್ತೆ, ಚರಂಡಿ ಇಂಥದ್ದರ ಪಕ್ಕದಲ್ಲಿರುವ ಪೊದೆ ಮೇಲು, ಏಕೆಂದರೆ ಮೀನಿಗೆ ಒಳಬರಲೂ ಅವಸರಕ್ಕೆ ಹೊರಹೋಗಲೂ ಅದೊಂದು ದಾರಿ. ನೀರು ಬಗ್ಗಡವಾಗಿರುವವರೆಗೆ ಅಗಲ ಬಿಲ್ಲೆಯ ಸ್ಪಿನ್ನರ್‌ಬೇಟ್ (ಎಳೆದಾಗ ಬಿಲ್ಲೆ ತಿರುಗುವ ಕೃತಕ ಎರೆ) ಕಟ್ಟಿ. ಬಾಸ್ ಅದನ್ನು ಕಾಣುವುದಕ್ಕಿಂತ ಹೆಚ್ಚಾಗಿ ಅದರ ಕಂಪನವನ್ನು ಗ್ರಹಿಸುತ್ತದೆ. ಪೊದೆಯ ಒಳಕ್ಕೆ ಇಳಿಸಲು ಕಳೆ ತಡೆಯುವ ಕೂದಲಿರುವ ಜಿಗ್ (ಭಾರದ ತಲೆಯ ಗಾಳ), ಅದರ ಹಿಂದೆ ರಬ್ಬರಿನ ಕ್ರಾಫಿಶ್ ಸಾಕು. ದಾರ ಗಟ್ಟಿಯಾಗಿರಲಿ, 50 ಪೌಂಡಿನ ಹೆಣೆದ ದಾರವಾದರೂ ತಪ್ಪಲ್ಲ. ಕಯಾಕ್‌ನಲ್ಲಿ ಒಂದು ವಿಚಿತ್ರ ತೊಂದರೆಯಿದೆ: ಕಚ್ಚಿದ ಮೀನನ್ನು ನೀವು ಪೊದೆಯಿಂದ ಹೊರಗೆಳೆಯುವ ಬದಲು ಮೀನೇ ನಿಮ್ಮನ್ನು ಪೊದೆಯೊಳಗೆ ಎಳೆದುಕೊಳ್ಳುತ್ತದೆ. ಒಂದು ಕಾಲು ಚಾಚಿ ಕೊಂಬೆಗೆ ಒತ್ತು ಕೊಟ್ಟು ಕುಳಿತಿರಿ, ಆದರೆ ಅದಕ್ಕೂ ಮೊದಲು ಆ ಕೊಂಬೆಯ ಮೇಲೆ ಹಾವಿಲ್ಲವೆಂದು ಖಚಿತಪಡಿಸಿಕೊಳ್ಳಿ. ನೆರೆಯಲ್ಲಿ ಅವೂ ಮರ ಹತ್ತಿರುತ್ತವೆ, ನೀರಿನ ಹಾವುಗಳಲ್ಲಿ ಕಾಟನ್‌ಮೌತ್ ವಿಷದ ಜಾತಿ. ತೇಲಿಬರುವ ದಿಮ್ಮಿಗಳ ಕಾರಣ ನಡುನೀರಿಗೆ ಹೋಗಬೇಡಿ, ಲೈಫ್ ಜಾಕೆಟ್ ತೊಟ್ಟೇ ಇರಿ.

ನೀರು ಇಳಿಯುವ ಮೊದಲ ದಿನವನ್ನು ಗುರುತಿಸುವುದು ಮುಖ್ಯ. ಮರದ ಕಾಂಡದ ಮೇಲೆ ಒಂದೆರಡು ಅಂಗುಲದ ಒದ್ದೆ ಪಟ್ಟಿ ಕಂಡರೆ ನೀರು ಇಳಿಯತೊಡಗಿದೆ ಎಂದರ್ಥ. ಬಾಸ್ ಇದನ್ನು ನಮಗಿಂತ ಮೊದಲೇ ಅರಿಯುತ್ತದೆ, ಒಳಗಿನ ಪೊದೆಗಳನ್ನು ಬಿಟ್ಟು ಹೊರ ಅಂಚಿನ ಪೊದೆಗಳಿಗೆ ಬಂದು ನಿಲ್ಲುತ್ತದೆ. ಆಗ ಒಳಗೆ ನುಗ್ಗಬೇಡಿ, ಆಳ ಶುರುವಾಗುವ ಕಡೆಯ ಸಾಲನ್ನು ಮಾತ್ರ ಹುಡುಕಿ.

ಉತ್ತರ: ಕಾಲುವೆ, ಟಲ್ಸಾ

ಮೀನಿನ ವಿಷಯ ನನಗೆ ಅಷ್ಟಾಗಿ ತಿಳಿಯದು, ಆದರೆ ನೀರಿನ ಲೆಕ್ಕ ನನ್ನ ವೃತ್ತಿಗೆ ಹತ್ತಿರದ್ದು. ನೀರು ಯಾವಾಗ ಇಳಿಯುತ್ತದೆ ಎಂಬುದು ಬೀವರ್ ಒಂದರ ಮೇಲೆ ನಿಂತಿಲ್ಲ. 1966ರಲ್ಲಿ ಪೂರ್ಣಗೊಂಡ ಬೀವರ್ ಅಣೆಕಟ್ಟು ವೈಟ್ ನದಿಯ ಸರಣಿಯಲ್ಲಿ ಎಲ್ಲಕ್ಕಿಂತ ಮೇಲಿನದು. ಅದರ ಕೆಳಗೆ ಕ್ರಮವಾಗಿ ಟೇಬಲ್ ರಾಕ್, ಟೇನಿಕೋಮೋ, ಬುಲ್ ಶೋಲ್ಸ್ ಜಲಾಶಯಗಳಿವೆ. ಬೀವರ್‌ನ ಸಾಮಾನ್ಯ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,120 ಅಡಿ, ನೆರೆ ಸಂಗ್ರಹದ ಮೇಲ್ಮಿತಿ 1,130 ಅಡಿ, ಅಂದರೆ ನೆರೆಗಾಗಿ ಮೀಸಲಿಟ್ಟ ಜಾಗ ಹತ್ತೇ ಅಡಿ. ಟೇಬಲ್ ರಾಕ್‌ನಲ್ಲಿ ಇದು 915ರಿಂದ 931ರವರೆಗೆ ಹದಿನಾರು ಅಡಿ. ಬುಲ್ ಶೋಲ್ಸ್‌ನಲ್ಲಿ 659ರಿಂದ 695ರವರೆಗೆ ಮೂವತ್ತಾರು ಅಡಿ. ಸೇನೆಯ ಎಂಜಿನಿಯರುಗಳ ದಳ ಬೀವರ್, ಟೇಬಲ್ ರಾಕ್, ಬುಲ್ ಶೋಲ್ಸ್ ಈ ಮೂರನ್ನೂ ಒಂದೇ ವ್ಯವಸ್ಥೆಯಾಗಿ ನಿರ್ವಹಿಸುತ್ತದೆ, ಮತ್ತು ಬಹಳ ಕೆಳಗೆ ನ್ಯೂಪೋರ್ಟ್ ಪಟ್ಟಣದಲ್ಲಿ ನದಿಯ ಮಟ್ಟ ಎಷ್ಟಿದೆ ಎಂಬುದನ್ನು ನೋಡಿ ಹೊರಹರಿವನ್ನು ನಿರ್ಧರಿಸುತ್ತದೆ, ಏಕೆಂದರೆ ಅಲ್ಲಿನ ತಗ್ಗು ಪ್ರದೇಶದ ಹೊಲಗಳಿಗೆ ನೀರು ನುಗ್ಗಬಾರದು.

ಇದರ ಪರಿಣಾಮವಾಗಿ, ಬೆಂಟನ್‌ವಿಲ್‌ನಲ್ಲಿ ಬಿಸಿಲು ಬಿದ್ದು ಒಂದು ವಾರವಾದರೂ ಕೆಳಗಿನ ಜಲಾಶಯಗಳು ತುಂಬಿದ್ದರೆ ನಿಮ್ಮ ಸರೋವರ ಹಾಗೆಯೇ ಎತ್ತರದಲ್ಲಿ ನಿಂತಿರುತ್ತದೆ. ಹಳೆಯ ಗಾಳ ಅವರು ಹೇಳಿದ ‘ನಿಂತ ನೀರಿನ’ ದಿನಗಳು ಹೀಗೆ ಹುಟ್ಟುತ್ತವೆ. ಆದ್ದರಿಂದ ಬೀವರ್‌ನ ಮಟ್ಟದ ಜೊತೆಗೆ ಟೇಬಲ್ ರಾಕ್ ಮಟ್ಟವನ್ನೂ ದಿನವೂ ನೋಡಿ. ಅಲ್ಲಿ ಜಾಗವಾದ ಮೇಲೆ ಇಲ್ಲಿ ನೀರು ಬಿಡುತ್ತಾರೆ.

ಉತ್ತರ: ಓಝಾರ್ಕ್ ಕನ್ನಡಿಗ, ಸ್ಪ್ರಿಂಗ್‌ಫೀಲ್ಡ್

ಹಳೆಯ ಗಾಳ ಅವರ ಅನುಭವದ ಬಗ್ಗೆ ಗೌರವವಿದೆ, ಆದರೆ ಒಂದು ವಿಷಯದಲ್ಲಿ ನನ್ನ ಸಲಹೆ ಬೇರೆ. ಶಕ್ತಿಯುತ ಮೋಟಾರ್ ದೋಣಿಯಿದ್ದವರು ಒಂದು ಬೆಳಿಗ್ಗೆ ನೂರು ಪೊದೆ ತಡಕಬಹುದು; ಕಯಾಕ್‌ನಲ್ಲಿರುವವರು ಹಾಗೆ ಮಾಡಲಾರರು. ಸುಮಾರು 28,000 ಎಕರೆಯ ಸರೋವರದಲ್ಲಿ ಪೊದೆಗಳಿಗೆ ಕೊನೆಯಿಲ್ಲ. ನೀರಿನ ಮಟ್ಟ ಬದಲಾದರೂ ದಡ ಬದಲಾಗದ ಜಾಗಕ್ಕೆ ಹೋಗುವುದು ಜಾಣತನ.

ಲೆಕ್ಕ ಸರಳವಾಗಿದೆ. ಹಾರ್ಸ್‌ಶೂ ಬೆಂಡ್, ಹಿಕರಿ ಕ್ರೀಕ್, ವಾರ್ ಈಗಲ್ ಕಡೆಯ ಹಿನ್ನೀರಿನಲ್ಲಿ ಸಪಾಟು ನೆಲವಿರುವೆಡೆ ನೀರು ಆರು ಅಡಿ ಏರಿದರೆ ದಡ ಎಷ್ಟೋ ದೂರ ಹಿಂದೆ ಸರಿಯುತ್ತದೆ. ಆದರೆ ಅಣೆಕಟ್ಟಿನ ಕಡೆಗೆ ಬಂದಂತೆ ಸುಣ್ಣಕಲ್ಲಿನ ಕಡಿದಾದ ಗೋಡೆಗಳಿವೆ. ಅಲ್ಲಿ ಆರು ಅಡಿ ಏರಿದರೂ ದಡ ಅಡ್ಡಕ್ಕೆ ನಾಲ್ಕು ಮಾರು ಕೂಡ ಸರಿಯುವುದಿಲ್ಲ. ಅಲ್ಲಿನ ಮೀನು ಅದೇ ಗೋಡೆಗೆ ಅಂಟಿಕೊಂಡು ಸ್ವಲ್ಪ ಮೇಲೇರುತ್ತದೆ, ಅಷ್ಟೇ. ಬಗ್ಗಡವೂ ಅಲ್ಲಿಗೆ ತಡವಾಗಿ, ತಿಳಿಯಾಗಿ ತಲುಪುತ್ತದೆ. ಅಲ್ಲಿ ಸಿಗುವುದು ಹೆಚ್ಚಾಗಿ ಸ್ಪಾಟೆಡ್ ಬಾಸ್ ಮತ್ತು ಕೆಲವು ಸ್ಮಾಲ್‌ಮೌತ್. ಲಾರ್ಜ್‌ಮೌತ್‌ನಷ್ಟು ದೊಡ್ಡವಲ್ಲದಿದ್ದರೂ ಎಳೆತದಲ್ಲಿ ಕಡಿಮೆಯೇನಲ್ಲ. ಸ್ಪಾಟೆಡ್ ಬಾಸ್ ಗೂಡನ್ನೂ ಹೆಚ್ಚು ಆಳದಲ್ಲಿ ಮಾಡುವುದರಿಂದ ಮಟ್ಟದ ಏರಿಳಿತ ಅದನ್ನು ಅಷ್ಟಾಗಿ ಕಾಡುವುದಿಲ್ಲ. ಕಂದುಗೆಂಪು ಬಣ್ಣದ ಸಣ್ಣ ಕ್ರ್ಯಾಂಕ್‌ಬೇಟ್ (ಗಟ್ಟಿ ಮೈಯ ಕೃತಕ ಎರೆ) ಅನ್ನು ಕಲ್ಲಿಗೆ ತಾಗುವಂತೆ ಎಳೆಯಿರಿ. ಗಾಳಿ ಬೀಸುವ ದಿನ ಮಾತ್ರ ಕಯಾಕ್‌ನಲ್ಲಿ ಗೋಡೆಯ ಬಳಿ ಹೋಗಬೇಡಿ. ಅಲೆ ಗೋಡೆಗೆ ಬಡಿದು ಎರಡೂ ಕಡೆಯಿಂದ ಬರುತ್ತದೆ, ಇಳಿಯಲು ದಡವಿರುವುದಿಲ್ಲ.

ಉತ್ತರ: ಹಳೆಯ ಗಾಳ

ಓಝಾರ್ಕ್ ಕನ್ನಡಿಗರ ಮಾತನ್ನು ಒಪ್ಪುತ್ತೇನೆ, ಏರುವ ನೀರಿನ ದಿನಗಳ ಮಟ್ಟಿಗೆ. ನೀರು ನಿಂತ ಮೇಲೂ ಗೋಡೆಗೇ ಅಂಟಿಕೊಂಡರೆ ದೊಡ್ಡ ಮೀನು ತಪ್ಪಿಹೋಗುತ್ತದೆ.

ತುಂಗಾತೀರ (ಹತ್ತು ದಿನಗಳ ನಂತರ)

ಎಲ್ಲರಿಗೂ ಧನ್ಯವಾದ. ಕಳೆದ ಶನಿವಾರ ಎರಡೂ ಸಲಹೆಗಳನ್ನು ಪರೀಕ್ಷಿಸಿದೆ. ನೀರು ಐದು ದಿನ ನಿಂತಿತ್ತು, ಶುಕ್ರವಾರದಿಂದ ದಿನಕ್ಕೆ ಸುಮಾರು ಮೂರು ಅಂಗುಲದಂತೆ ಇಳಿಯತೊಡಗಿದೆ. ಬೆಳಿಗ್ಗೆ ಹಿಕರಿ ಕ್ರೀಕ್ ಬಳಿ ಹೋದಾಗ ಕಾಂಡಗಳ ಮೇಲೆ ಒದ್ದೆ ಪಟ್ಟಿ ಕಂಡಿತು. ಆದರೂ ಹಟಕ್ಕೆ ಬಿದ್ದು ಒಂದು ಗಂಟೆ ಒಳಗಿನ ಪೊದೆಗಳಲ್ಲೇ ಕಳೆದೆ, ಒಂದೂ ಕಚ್ಚಲಿಲ್ಲ. ಹೊರ ಅಂಚಿಗೆ ಬಂದು ಮುಳುಗಿದ ಹಳೆಯ ರಸ್ತೆಯ ಪಕ್ಕದ ಸಾಲಿನಲ್ಲಿ ಜಿಗ್ ಇಳಿಸಿದ ಮೇಲೆ ಮೂರು ಲಾರ್ಜ್‌ಮೌತ್ ಸಿಕ್ಕವು, ದೊಡ್ಡದು 17 ಅಂಗುಲ. ಅದು ನನ್ನ ಕಯಾಕ್ ಅನ್ನು ನಿಜಕ್ಕೂ ಪೊದೆಯೊಳಗೆ ಎಳೆದೊಯ್ದಿತು. ಮಧ್ಯಾಹ್ನ ಗಾಳಿ ನಿಂತಿದ್ದರಿಂದ ಕಯಾಕ್ ಅನ್ನು ಕಾರಿನ ಮೇಲೆ ಹೇರಿಕೊಂಡು ಅಣೆಕಟ್ಟಿನ ಕಡೆಗೂ ಹೋದೆ. ಕಲ್ಲುಗೋಡೆಗಳ ಬಳಿ ಐದು ಸ್ಪಾಟೆಡ್ ಬಾಸ್ ಬಂದವು, ಒಂದೂ ದೊಡ್ಡದಲ್ಲ. ಎಲ್ಲವನ್ನೂ ನೀರಿಗೆ ಬಿಟ್ಟೆ.

ಒಂದು ಅನುಮಾನ ಉಳಿದಿದೆ. ಬೆಳಿಗ್ಗೆ ಒಳಗಿನ ಪೊದೆಗಳ ನಡುವೆ, ಎರಡಡಿ ನೀರಿನಲ್ಲಿ, ತಟ್ಟೆಯಂತೆ ಗುಡಿಸಿ ಸ್ವಚ್ಛ ಮಾಡಿದ ಜಲ್ಲಿಯ ಮೇಲೆ ಒಂದು ಬಾಸ್ ಅಲುಗದೆ ನಿಂತಿತ್ತು. ನೆರಳು ಬಿದ್ದರೂ ಓಡಲಿಲ್ಲ, ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂತು. ಅದಕ್ಕೆ ಗಾಳ ಹಾಕಲು ಮನಸ್ಸು ಬರಲಿಲ್ಲ. ನೀರು ಹೀಗೆಯೇ ಇಳಿದರೆ ಅದರ ಗತಿಯೇನು?

ಉತ್ತರ: ಹಳೆಯ ಗಾಳ

ಅದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗೂಡು ಗುಡಿಸುವುದು, ಬಾಲದಿಂದ ಬೀಸಿ ಮೊಟ್ಟೆಗಳ ಮೇಲೆ ಮಣ್ಣು ಕೂರದಂತೆ ನೋಡಿಕೊಳ್ಳುವುದು, ಮರಿಗಳನ್ನು ಕಾಯುವುದು ಎಲ್ಲವೂ ಗಂಡಿನ ಕೆಲಸ. ನೀವು ಅದನ್ನು ಎಬ್ಬಿಸಿ ತೆಗೆದಿದ್ದರೆ, ಮತ್ತೆ ಬಿಡುವ ಐದು ನಿಮಿಷದೊಳಗೆ ಬ್ಲೂಗಿಲ್‌ನಂಥ ಸಣ್ಣ ಮೀನುಗಳು ಮೊಟ್ಟೆಗಳಿಗೆ ಮುತ್ತುತ್ತಿದ್ದವು. ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳನ್ನು ಮುಟ್ಟದ ಸೀಮೆಯಿಂದ ಬಂದವರು ನೀವು, ಇದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನು ನೀರಿನ ಲೆಕ್ಕ. ಎರಡಡಿ ಎಂದರೆ 24 ಅಂಗುಲ, ದಿನಕ್ಕೆ ಮೂರರಂತೆ ಎಂಟು ದಿನ. ಈಗಿನ ಬಿಸಿಗೆ ಮೊಟ್ಟೆ ಮೂರು ನಾಲ್ಕು ದಿನಗಳಲ್ಲಿ ಒಡೆಯುತ್ತದೆ. ಮರಿಗಳು ಗೂಡಿನಿಂದ ಮೇಲೆದ್ದು ಈಜಲು ಅದರ ಮೇಲೆ ಸುಮಾರು ಒಂದು ವಾರ ಬೇಕು. ನೀವು ನೋಡುವ ವೇಳೆಗೆ ಮೊಟ್ಟೆಯಿಟ್ಟು ಎರಡು ಮೂರು ದಿನವಾಗಿದ್ದರೆ ಕಷ್ಟಪಟ್ಟು ದಾಟಬಹುದು. ಅದೇ ದಿನ ಇಟ್ಟಿದ್ದರೆ ದಾಟಲಾರದು.

ಉತ್ತರ: ಕಾಲುವೆ

ಟೇಬಲ್ ರಾಕ್ ಇನ್ನೂ ಸಾಮಾನ್ಯ ಮಟ್ಟಕ್ಕಿಂತ ಮೇಲಿದೆ, ಕೆಳಗೆ ಮತ್ತೆ ಮಳೆಯ ಸೂಚನೆಯಿದೆ. ಈ ವಾರ ಬೀವರ್‌ನ ಹೊರಹರಿವನ್ನು ಕಡಿಮೆ ಮಾಡಿದರೂ ಆಶ್ಚರ್ಯವಿಲ್ಲ. ಮೂರು ಅಂಗುಲ ಒಂದಕ್ಕೆ ಇಳಿದರೆ ನಿಮ್ಮ ಮೀನಿನ ಲೆಕ್ಕವೇ ಬದಲಾಗುತ್ತದೆ.

ಉತ್ತರ: ಹಳೆಯ ಗಾಳ

ಹಾಗಾದರೆ ಮುಂದಿನ ಶನಿವಾರ ಒಮ್ಮೆ ಅತ್ತ ಹೋಗಿ ನೋಡಿ. ಪೊದೆಯ ಹತ್ತಿರ ಅಂಗೈಯಗಲದ ಕಪ್ಪು ಮೋಡದಂತೆ ಮರಿಗಳ ಗುಂಪು, ಅದರ ಕೆಳಗೆ ಆ ಗಂಡು ಕಂಡರೆ ಇಲ್ಲಿ ಬರೆಯಿರಿ.